ಲಂಡನ್ನಿನ ಮೊದಲ ಭಾರತೀಯ ಭೋಜನಶಾಲೆ: ಶೇಖ್ ದೀನ್ ಮಹಮ್ಮದನ ಜೀವನಕಥೆ

ಹುಟ್ಟಿದ ಊರನ್ನು ಬಿಟ್ಟು ಪರಸ್ಥಳದಲ್ಲಿ ಅನ್ನವನ್ನು ಸಂಪಾದಿಸಿದವರ ಕಥೆ ನಮ್ಮ ಗಡಿನಾಡಿನ ಮನೆಮನೆಯಲ್ಲಿಯೂ ಇದೆ. ಕಾಸರಗೋಡು ಸೀಮೆಯಿಂದಲೂ ಅದರ ಉತ್ತರದ ಮಂಗಳೂರು, ಉಡುಪಿಗಳಿಂದಲೂ ಹೊರಟ ಎಷ್ಟೋ ಮಂದಿ ತರುಣರು ಮುಂಬಯಿ, ಮದರಾಸು ಮೊದಲಾದ ಪಟ್ಟಣಗಳನ್ನು ಸೇರಿ, ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರಸಿ, ಕಾಲಕ್ರಮದಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ಕಡೆಗೆ ತಾವೇ ಹೋಟೆಲು ತೆರೆದು ನಾಲ್ಕು ಜನರಿಗೆ ಅನ್ನವಿಕ್ಕಿದರು. ಗೆದ್ದವರ ಹೆಸರುಗಳನ್ನು ನಾವೆಲ್ಲರೂ ಬಲ್ಲೆವು. ಸೋತು ಊರಿಗೆ ಹಿಂದಿರುಗಿದವರ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ವಾರ್ಷಿಕೋತ್ಸವದ ಈ ಸಂಚಿಕೆಗೆ ಒಂದು ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಘದ ಮಿತ್ರರು ಕೇಳಿದಾಗ, ಗೆಲವು ಸೋಲುಗಳೆರಡನ್ನೂ ಒಂದೇ ಜನ್ಮದಲ್ಲಿ ಕಂಡುಂಡ ಒಬ್ಬ ಪುರುಷನ ಕಥೆ ನಮ್ಮ ಮನಸ್ಸಿಗೆ ಬಂದಿತು. ಅವನು ಕನ್ನಡಿಗನಲ್ಲ, ಬಿಹಾರದವನು. ಅವನು ಹೋಟೆಲು ತೆರೆದ ಊರು ಮುಂಬಯಿಯಲ್ಲ, ಲಂಡನ್ನು. ಆದರೂ ಅವನ ಕಥೆಯನ್ನು ಓದುವಾಗ ನಮ್ಮವರ ಕಥೆಯನ್ನೇ ಓದಿದಂತೆ ನಮಗೆ ಅನ್ನಿಸಿದೆ. ಅವನ ಹೆಸರು ಶೇಖ್ ದೀನ್ ಮಹಮ್ಮದ್.

ದೀನ್ ಮಹಮ್ಮದನು 1759ರಲ್ಲಿ ಪಾಟ್ನಾ ನಗರದಲ್ಲಿ ಜನಿಸಿದನು. ಪ್ಲಾಸಿಯ ಯುದ್ಧವು ಮುಗಿದು ಆಗ ಎರಡೇ ವರ್ಷಗಳಾಗಿದ್ದುವು. ಮೊಗಲರ ಪ್ರಭಾವ ದಿನೇ ದಿನೇ ಕುಂದುತ್ತಲೂ ಈಸ್ಟ್ ಇಂಡಿಯಾ ಕಂಪೆನಿಯ ಪ್ರಾಬಲ್ಯ ಏರುತ್ತಲೂ ಇದ್ದ ಕಾಲವದು. ಅವನ ತಂದೆ ಕಂಪೆನಿಯ ಬಂಗಾಳದ ಸೈನ್ಯದಲ್ಲಿ ಸುಬೇದಾರನಾಗಿದ್ದನು. ಮಗನಿಗೆ ಇನ್ನೂ ಹತ್ತು ಹನ್ನೊಂದು ವರ್ಷಗಳಾಗಿರುವಾಗ ತಂದೆಯು ಕಂದಾಯ ವಸೂಲಿಯ ಸಂಬಂಧವಾದ ಕಾಳಗವೊಂದರಲ್ಲಿ ಮಡಿದನು. ಅನಾಥನಾದ ಬಾಲಕನ ಕಣ್ಣು ದಂಡಿನ ಬಣ್ಣಬಣ್ಣದ ಉಡುಪುಗಳ ಮೇಲೆಯೇ ಇದ್ದಿತು. ಗಾಡ್‌ಫ್ರೇ ಬೇಕರ್ ಎಂಬ ಐರ್ಲೆಂಡಿನ ತರುಣ ಅಧಿಕಾರಿಯೊಬ್ಬನು ಅವನನ್ನು ಮೆಚ್ಚಿ ತನ್ನ ಜೊತೆಯಲ್ಲಿ ಇರಿಸಿಕೊಂಡನು. ಮಗನನ್ನು ಬಿಡಿಸಿ ಕರೆದೊಯ್ಯಲು ತಾಯಿಯು ಪಾಳೆಯಕ್ಕೆ ಬಂದು ಅಂಗಲಾಚಿದರೂ ಹುಡುಗನು ಒಪ್ಪಲಿಲ್ಲ. ಆ ದಿನ ತಾಯಿಯ ಕಣ್ಣೀರನ್ನು ಕಂಡು ಅವನು ಹಿಂದಿರುಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸುಮಾರು ಹದಿಮೂರು ವರ್ಷ ಅವನು ದಂಡಿನೊಡನೆ ಗಂಗಾತೀರದ ಊರುಗಳನ್ನು ಸುತ್ತಿದನು. ಸೈನ್ಯವು ನಡೆಯುವಾಗ ಅದರ ಹಿಂದೆ ಒಂದು ಬಜಾರೇ ನಡೆಯುತ್ತಿದ್ದ ಕಾಲ ಅದು. ಅಕ್ಕಿ ಬೇಳೆಗಳ ಮಾರಾಟಗಾರರು, ಅಡಿಗೆಯವರು, ನೀರು ಹೊರುವವರು, ಅಗಸರು, ಕ್ಷೌರಿಕರು, ಎಲ್ಲರೂ ಅಲ್ಲಿದ್ದರು. ಸಾವಿರಾರು ಬಾಯಿಗಳಿಗೆ ಹೊತ್ತುಹೊತ್ತಿಗೆ ಅನ್ನ ಒದಗುವ ಬಗೆಯನ್ನು ಅವನು ಎಳೆಯ ವಯಸ್ಸಿನಲ್ಲಿಯೇ ಕಣ್ಣಾರೆ ಕಂಡನು. ಕ್ರಮೇಣ ಜಮಾದಾರನೂ ಸುಬೇದಾರನೂ ಆದನು. 1782ರಲ್ಲಿ ಬೇಕರನ ಮೇಲೆ ಹಳ್ಳಿಗರಿಂದ ಹಣ ಸುಲಿದನೆಂಬ ಆಪಾದನೆ ಬಂದು, ಅವನು ಸೈನ್ಯವನ್ನು ಬಿಡಬೇಕಾಯಿತು. ಅವನ ಬೆನ್ನ ಹಿಂದೆಯೇ ದೀನ್ ಮಹಮ್ಮದನೂ ರಾಜೀನಾಮೆ ಕೊಟ್ಟನು. 1784ರಲ್ಲಿ ಇಬ್ಬರೂ ಹಡಗಿನಲ್ಲಿ ಪಯಣ ಮಾಡಿ ಐರ್ಲೆಂಡಿನ ಕಾರ್ಕ್ ಪಟ್ಟಣವನ್ನು ಸೇರಿದರು. ಆಗ ದೀನ್ ಮಹಮ್ಮದನ ವಯಸ್ಸು ಇಪ್ಪತ್ತೈದು. ಅವನು ಭಾರತದ ನೆಲವನ್ನು ಮತ್ತೆ ಕಾಣಲಿಲ್ಲ.

ಪರಭಾಷೆಯ ನಾಡಿನಲ್ಲಿ ಬದುಕಬೇಕಾದರೆ ಆ ಭಾಷೆಯನ್ನು ಕೈವಶ ಮಾಡಿಕೊಳ್ಳಬೇಕೆಂಬುದನ್ನು ಗಡಿನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೀನ್ ಮಹಮ್ಮದನು ಕಾರ್ಕ್ ಪಟ್ಟಣದಲ್ಲಿ ಇಂಗ್ಲಿಷನ್ನು ಶ್ರಮಪಟ್ಟು ಕಲಿತನು. ಅಲ್ಲಿಯೇ ಜೇನ್ ಡೇಲಿ ಎಂಬ ಕನ್ಯೆಯ ಪರಿಚಯವಾಯಿತು. ಹಿರಿಯರು ಈ ಸಂಬಂಧಕ್ಕೆ ಒಪ್ಪುವಂತಿರಲಿಲ್ಲವಾದುದರಿಂದ 1786ರಲ್ಲಿ ಇಬ್ಬರೂ ಮನೆಬಿಟ್ಟು ಹೋಗಿ ವಿವಾಹವಾದರು. ಅವನು ಆ ನಾಡಿನ ಕ್ರೈಸ್ತಮತವನ್ನು ಸ್ವೀಕರಿಸಿದನು. ಅದೇ ವರ್ಷ ಆಶ್ರಯದಾತನಾದ ಬೇಕರನು ತೀರಿಕೊಂಡನು. 1794ರಲ್ಲಿ ದೀನ್ ಮಹಮ್ಮದನು ತನ್ನ ಸಂಚಾರದ ವೃತ್ತಾಂತವನ್ನು ಪತ್ರಗಳ ರೂಪದಲ್ಲಿ ಬರೆದು ಎರಡು ಸಂಪುಟಗಳಲ್ಲಿ ಅಚ್ಚುಹಾಕಿಸಿದನು. ಭಾರತೀಯನೊಬ್ಬನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕವೆಂಬ ಕೀರ್ತಿ ಅದರದು. ಪುಸ್ತಕವನ್ನು ಅಚ್ಚಿಗೆ ಕೊಡುವ ಮೊದಲೇ ಅವನು ಮುನ್ನೂರಕ್ಕೂ ಹೆಚ್ಚು ಮಂದಿ ಚಂದಾದಾರರನ್ನು ಕೂಡಿಸಿಕೊಂಡಿದ್ದನು. ಕೈಯಲ್ಲಿ ಗಿರಾಕಿಗಳನ್ನು ಹಿಡಿದುಕೊಂಡು ಬಂಡವಾಳಕ್ಕೆ ಕೈಹಾಕಿದ ಈ ಜಾಣ್ಮೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೋಟೆಲು ತೆರೆದಾಗ ಇದೇ ಜಾಣ್ಮೆ ಅವನಿಗೆ ಒದಗಲಿಲ್ಲ. 1799ರಲ್ಲಿ ಪಾರಸಿ ಭಾಷೆಯ ಪ್ರವಾಸ ಗ್ರಂಥಕಾರನಾದ ಅಬೂ ತಾಲಿಬ್ ಖಾನನು ಕಾರ್ಕ್ ಪಟ್ಟಣಕ್ಕೆ ಬಂದಾಗ, ಹೆಂಡತಿ ಮಕ್ಕಳೊಡನೆ ಅಲ್ಲಿ ನೆಲಸಿದ್ದ ಈ ಸ್ವದೇಶದವನನ್ನು ಕಂಡು ತನ್ನ ಗ್ರಂಥದಲ್ಲಿ ಅವನ ವಿಷಯವನ್ನು ಬರೆದಿಟ್ಟಿದ್ದಾನೆ.

1807ರ ಸುಮಾರಿಗೆ ದೀನ್ ಮಹಮ್ಮದನು ಸಂಸಾರಸಮೇತನಾಗಿ ಲಂಡನ್ನಿಗೆ ಬಂದನು. ಅಲ್ಲಿ ಪೋರ್ಟ್‌ಮನ್ ಚೌಕದ ಸುತ್ತಮುತ್ತ ಭಾರತದಲ್ಲಿ ಹಣ ಗಳಿಸಿ ಹಿಂದಿರುಗಿದ ಕಂಪೆನಿಯ ಅಧಿಕಾರಿಗಳ ಭಾರಿ ಮನೆಗಳಿದ್ದುವು. ಊರಿನ ಜನರು ಅವರನ್ನು ನವಾಬರೆಂದು ಹಾಸ್ಯ ಮಾಡುತ್ತಿದ್ದರು. ಅಂಥ ನವಾಬರಲ್ಲಿ ಒಬ್ಬನಾದ ಬೇಸಿಲ್ ಕಾಕ್ರನ್ ಎಂಬವನು ತನ್ನ ಮನೆಯಲ್ಲಿ ಹಬೆಸ್ನಾನದ ಶಾಲೆಯೊಂದನ್ನು ಕಟ್ಟಿಸಿದ್ದನು. ದೀನ್ ಮಹಮ್ಮದನು ಅಲ್ಲಿ ಕೆಲಸಕ್ಕೆ ಸೇರಿ, ಹಬೆಯ ಜೊತೆಗೆ ನಮ್ಮ ದೇಶದ ಅಂಗಮರ್ದನವನ್ನೂ ಸೇರಿಸಿದನು. ಕೆಲವು ಕಾಲ ಹೀಗೆ ನಡೆಯಿತು. ಆದರೆ ಪರರ ಮನೆಯ ಚಾಕರಿ ಅವನ ಮನಸ್ಸಿಗೆ ತೃಪ್ತಿ ಕೊಡಲಿಲ್ಲ. ತನ್ನದೇ ಆದ ಒಂದು ಉದ್ಯಮವನ್ನು ಕಟ್ಟಬೇಕೆಂಬ ಹಂಬಲ ಅವನಲ್ಲಿ ಬೇರೂರಿತು.

1810ರಲ್ಲಿ, ಪೋರ್ಟ್‌ಮನ್ ಚೌಕದ ಸಮೀಪದ ಜಾರ್ಜ್ ಬೀದಿಯ 34ನೆಯ ನಂಬರಿನ ಮನೆಯಲ್ಲಿ ಅವನು ‘ಹಿಂದೂಸ್ಥಾನೀ ಕಾಫಿಗೃಹ’ವನ್ನು ತೆರೆದನು. ಹೆಸರಿನಲ್ಲಿ ಕಾಫಿ ಇದ್ದರೂ ಮುಖ್ಯವಾದುದು ಊಟವೇ. ಬಿದಿರು ಬೆತ್ತಗಳ ಆಸನಗಳು, ಗೋಡೆಗಳ ಮೇಲೆ ಭಾರತದ ದೃಶ್ಯಗಳು, ಹುಕ್ಕಾ ಸೇದುವವರಿಗೆ ಪ್ರತ್ಯೇಕವಾದ ಕೊಠಡಿ, ಅಕ್ಕಿಯ ಅನ್ನ, ಸಾಂಬಾರ ಜೀನಸುಗಳನ್ನು ಹಾಕಿ ಮಾಡಿದ ಬಗೆಬಗೆಯ ವ್ಯಂಜನಗಳು, ಮೇಲ್ತರಗತಿಯ ದ್ರಾಕ್ಷಾರಸ, ಎಲ್ಲವೂ ಅಲ್ಲಿ ಸಿದ್ಧವಾಗಿದ್ದುವು. ಭಾರತವನ್ನು ಕಂಡುಬಂದ ದೊರೆಗಳು ತಮ್ಮ ನೆನಪಿನ ರುಚಿಯನ್ನು ಇಲ್ಲಿ ಸವಿಯಬಹುದೆಂದು 1811ರಲ್ಲಿ ಪತ್ರಿಕೆಯಲ್ಲಿ ಜಾಹೀರಾತನ್ನೂ ಹಾಕಿಸಿದನು. ಭಾರತೀಯನೊಬ್ಬನು ಬ್ರಿಟನ್ನಿನಲ್ಲಿ ನಡೆಸಿದ ಮೊತ್ತಮೊದಲ ಭಾರತೀಯ ಭೋಜನಶಾಲೆಯೆಂದರೆ ಇದೇ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಲಂಡನ್ನಿನವರು ನಮ್ಮ ಮೇಲೋಗರದ ಹೆಸರನ್ನು ಕೇಳಿದ್ದುದು ಅವನಿಂದಲ್ಲ. ತಮಿಳಿನಿಂದ ಹೋದುದೆಂದು ಭಾಷಾಶಾಸ್ತ್ರಜ್ಞರು ಹೇಳುವ ‘ಕರಿ’ ಎಂಬ ಶಬ್ದ ಅದಾಗಲೇ ಇಂಗ್ಲಿಷಿನಲ್ಲಿ ನೆಲೆಯೂರಿತ್ತು. 1747ರಲ್ಲಿ ಹಾನಾ ಗ್ಲಾಸ್ ಎಂಬ ಮಹಿಳೆ ಅಚ್ಚುಹಾಕಿಸಿದ ಪಾಕಗ್ರಂಥದಲ್ಲಿ ಅದನ್ನು ಮಾಡುವ ಕ್ರಮವಿದೆ. 1773ರಲ್ಲಿಯೇ ಹೇಮಾರ್ಕೆಟಿನ ಕಾಫಿಗೃಹವೊಂದರಲ್ಲಿ ಅದು ಬೆಲೆಗೆ ದೊರೆಯುತ್ತಿತ್ತು. ಆದರೆ ಅಲ್ಲಿ ಅದು ಹತ್ತು ತಿನಿಸುಗಳ ನಡುವಣ ಹನ್ನೊಂದನೆಯದು. ದೀನ್ ಮಹಮ್ಮದನು ಮಾಡಿದುದು ಬೇರೆ. ಅವನು ಊಟವನ್ನು ಮಾತ್ರವಲ್ಲ, ಆ ಊಟದ ಮನೆಯನ್ನೇ ಕಟ್ಟಿ ತೋರಿಸಿದನು. ತಿನ್ನುವ ಪದಾರ್ಥ, ಕುಳಿತುಕೊಳ್ಳುವ ಆಸನ, ಕಣ್ಣಿಗೆ ಬೀಳುವ ಚಿತ್ರ, ಮೂಗಿಗೆ ಬರುವ ಪರಿಮಳ, ಇವೆಲ್ಲವೂ ಒಂದು ದೇಶವನ್ನು ನೆನಪಿಗೆ ತರಬೇಕೆಂಬುದು ಅವನ ಕಲ್ಪನೆ. ಇಂದು ಜಗತ್ತಿನ ಮಹಾನಗರಗಳಲ್ಲಿ ಚೀನೀಯರೂ ಇಟಲಿಯವರೂ ನಮ್ಮವರೂ ನಡೆಸುವ ದೇಶೀಯ ಭೋಜನಶಾಲೆಗಳ ಹಿಂದೆ ಇರುವುದು ಇಂಥ ಕಲ್ಪನೆಯೇ.

ಕಲ್ಪನೆ ದೊಡ್ಡದಾಗಿತ್ತು, ಲೆಕ್ಕ ಕೂಡಲಿಲ್ಲ. ಎರಡು ವರ್ಷಗಳು ತುಂಬುವ ಹೊತ್ತಿಗೆ ಸಾಲ ತಲೆಗೇರಿತು. 1812ರಲ್ಲಿ ದೀನ್ ಮಹಮ್ಮದನು ದಿವಾಳಿ ತೆಗೆದನು.

ಏಕೆ ಹೀಗಾಯಿತು? ನಮ್ಮ ಊರಿನ ಪೇಟೆಯಲ್ಲಿಯೂ ತೋರಣ ಕಟ್ಟಿ ಬಾಗಿಲು ತೆರೆದು, ವರ್ಷ ತುಂಬುವುದರೊಳಗೆ ಬೀಗ ಹಾಕಿದ ಹೋಟೆಲುಗಳನ್ನು ನಾವು ಕಂಡಿದ್ದೇವೆ. ಅಡಿಗೆ ಕೆಟ್ಟಿತ್ತೆಂದು ಜನರು ಸುಲಭವಾಗಿ ಹೇಳಿಬಿಡುತ್ತಾರೆ. ಹಲವು ಸಲ ಕೆಟ್ಟಿರುವುದು ಅಡಿಗೆಯಲ್ಲ. ಆದುದರಿಂದ ಈ ಪ್ರಶ್ನೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಪರಿಶೀಲಿಸುವುದು ಉಚಿತ.

ಹೋಟೆಲಿನ ಖರ್ಚು ಎರಡು ಬಗೆಯದು. ಅಕ್ಕಿ, ಬೇಳೆ, ತರಕಾರಿ, ಸೌದೆ, ಇವು ಗಿರಾಕಿ ಬಂದರೆ ಹೆಚ್ಚುತ್ತವೆ, ಬಾರದಿದ್ದರೆ ಕಡಿಮೆಯಾಗುತ್ತವೆ. ಮನೆಬಾಡಿಗೆ, ಆಳುಗಳ ಸಂಬಳ, ಸಾಲದ ಬಡ್ಡಿ, ಇವಾದರೋ ಹತ್ತು ಎಲೆ ಬಿದ್ದರೂ ನೂರು ಎಲೆ ಬಿದ್ದರೂ ಒಂದೇ ಸಮನಾಗಿ ನಿಂತಿರುತ್ತವೆ. ನೂರು ಎಲೆಗಳ ಮೇಲೆ ಹಂಚಿಹೋಗಬೇಕಾದ ಭಾರ ಹತ್ತರ ಮೇಲೆ ಬಿದ್ದರೆ ಆ ಹತ್ತು ಎಲೆಗಳ ಬೆಲೆಯಿಂದ ಅದು ತೀರುವುದಿಲ್ಲ. ಬೆಲೆಯನ್ನು ಏರಿಸಿದರೆ ಆ ಹತ್ತು ಮಂದಿಯೂ ಬಾರರು. ದೀನ್ ಮಹಮ್ಮದನು ಈ ನಿಂತ ಖರ್ಚನ್ನೇ ಬಹಳವಾಗಿ ಬೆಳೆಸಿದ್ದನು. ಶ್ರೀಮಂತರ ಬಡಾವಣೆಯ ಮನೆ, ಬೆತ್ತದ ಆಸನಗಳು, ಚಿತ್ರಗಳು, ದ್ರಾಕ್ಷಾರಸದ ದಾಸ್ತಾನು, ಇವೆಲ್ಲಕ್ಕೂ ಮೊದಲೇ ಹಣ ಸುರಿದಾಗಿತ್ತು. ಹೆಸರು ಹಬ್ಬಿ ಜನರು ಬರುವ ತನಕ ಕಾಯುವುದಕ್ಕೆ ಬೇಕಾದ ಹಣ ಕೈಯಲ್ಲಿ ಉಳಿದಿರಲಿಲ್ಲ.

ಎರಡನೆಯದು ಗಿರಾಕಿಗಳ ವಿಷಯ. ನವಾಬರು ನೆರೆಯಲ್ಲಿದ್ದಾರೆ, ಅವರಿಗೆ ಭಾರತದ ರುಚಿಯ ಹಂಬಲವಿದೆ, ಆದುದರಿಂದ ಅವರು ಬಂದೇ ಬರುತ್ತಾರೆಂದು ಅವನು ತರ್ಕಿಸಿದನು. ತರ್ಕದ ಮೊದಲೆರಡು ಮಾತುಗಳು ನಿಜ, ಮೂರನೆಯದು ಮಾತ್ರ ನಿಜವಾಗಲಿಲ್ಲ. ಆ ಸಿರಿವಂತರಲ್ಲಿ ಹಲವರು ಭಾರತದಿಂದ ಹಿಂದಿರುಗುವಾಗ ಅಡಿಗೆಯವರನ್ನೂ ಆಳುಗಳನ್ನೂ ಸಂಗಡವೇ ಕರೆತಂದಿದ್ದರು. ಮನೆಯ ಒಲೆಯ ಮೇಲೆಯೇ ಅನ್ನ ವ್ಯಂಜನಗಳು ಸಿದ್ಧವಾಗುತ್ತಿರುವಾಗ, ಬೀದಿಯ ಆಚೆಗೆ ಹೋಗಿ ಹಣ ಕೊಟ್ಟು ಉಣ್ಣುವುದೇಕೆ? ಅತಿಥಿಗಳನ್ನು ಮನೆಗೆ ಕರೆದು ಔತಣ ಕೊಡುವುದೇ ಆ ವರ್ಗದವರ ಮರ್ಯಾದೆಯಾಗಿತ್ತು. ಇನ್ನು ವ್ಯಾಪಾರದ ಮಾತುಕತೆಗಾಗಿ ಸೇರಬೇಕಾದರೆ ಕಂಪೆನಿಯ ವರ್ತಕರು ನಗರದ ಪೂರ್ವಭಾಗದಲ್ಲಿ, ತಮ್ಮ ಕಚೇರಿಗಳ ಮಗ್ಗುಲಲ್ಲಿಯೇ ಇದ್ದ ಜೆರೂಸಲೆಮ್ ಕಾಫಿಗೃಹಕ್ಕೆ ಹೋಗುತ್ತಿದ್ದರು. ಅಲ್ಲಿ ಹಡಗುಗಳ ಸಮಾಚಾರವೂ ದೊರೆಯುತ್ತಿತ್ತು. ಭಾರತವನ್ನು ಕಾಣದ ಸಾಮಾನ್ಯ ಜನರಿಗಾದರೋ ಈ ಊಟದ ರುಚಿಯೂ ತಿಳಿಯದು, ಅದರ ಬೆಲೆಯೂ ಎಟುಕದು.

ಮೂರನೆಯದು ಕಾಲದೋಷ. ನೆಪೋಲಿಯನ್ನನೊಡನೆ ಯುದ್ಧ ನಡೆಯುತ್ತಿದ್ದ ದಿನಗಳವು. 1810–11ರಲ್ಲಿ ಇಂಗ್ಲೆಂಡಿನ ವ್ಯಾಪಾರ ಕುಸಿದು, ಸಾಲ ಹುಟ್ಟದೆ, ದೊಡ್ಡ ದೊಡ್ಡ ವರ್ತಕರೇ ಮುಳುಗಿಹೋದರು. ಅಂಥ ಹೊತ್ತಿನಲ್ಲಿ ಪರದೇಶದವನೊಬ್ಬನ ಹೊಸ ಅಂಗಡಿಗೆ ಕೈಗಡ ಕೊಡುವವರು ಯಾರು?

ಈ ಕಥೆಯ ಅತ್ಯಂತ ನೋವಿನ ಭಾಗ ಇನ್ನೂ ಉಳಿದಿದೆ. ದೀನ್ ಮಹಮ್ಮದನು ಹೊರಗೆ ಹೋದ ಮೇಲೆಯೂ ಆ ಕಾಫಿಗೃಹ ಮುಚ್ಚಲಿಲ್ಲ. ಬೇರೆಯವರ ಕೈಯಲ್ಲಿ ಅದು ಅನೇಕ ವರ್ಷಗಳವರೆಗೆ ನಡೆಯಿತು. 1815ರಲ್ಲಿ ಪ್ರಕಟವಾದ ಲಂಡನ್ನಿನ ಭೋಜನಶಾಲೆಗಳ ಕೈಪಿಡಿಯೊಂದು ಅವನ ಸಾಹಸವನ್ನು ನೆನೆಯಿತು. ಎಂದ ಮೇಲೆ ರುಚಿಯಲ್ಲಿ ದೋಷವಿರಲಿಲ್ಲ, ಕಲ್ಪನೆಯಲ್ಲಿಯೂ ದೋಷವಿರಲಿಲ್ಲ. ನೆಟ್ಟ ಮರ ಫಲ ಕೊಡುವ ತನಕ ನೀರೆರೆಯುವ ಶಕ್ತಿ ನೆಟ್ಟವನಿಗೆ ಇಲ್ಲದೆಹೋಯಿತು. ಬಂಡವಾಳವಿಲ್ಲದ ಬುದ್ಧಿವಂತನು ದಾರಿ ಕಡಿದು, ಬಂಡವಾಳವುಳ್ಳವನು ಅದರಲ್ಲಿ ನಡೆದುಹೋಗುವ ಈ ಅನ್ಯಾಯ ಲಂಡನ್ನಿನಲ್ಲಿ ಮಾತ್ರ ಕಾಣುವಂಥದಲ್ಲ.

ಆಗ ಅವನಿಗೆ ಐವತ್ತಮೂರು ವರ್ಷ. ಹೆಂಡತಿ ಮಕ್ಕಳ ಹೊಟ್ಟೆಯ ಪ್ರಶ್ನೆ ಎದುರಿಗಿತ್ತು. ನಿನ್ನೆಯ ತನಕ ಯಜಮಾನನೆನ್ನಿಸಿಕೊಂಡವನು 1813ರಲ್ಲಿ ಪತ್ರಿಕೆಯಲ್ಲಿ ಮತ್ತೊಂದು ಜಾಹೀರಾತನ್ನು ಹಾಕಿಸಿದನು. ಸಜ್ಜನರ ಮನೆಯಲ್ಲಿ ಮೇಲಾಳಿನ ಕೆಲಸ ಬೇಕಾಗಿದೆ, ಪಟ್ಟಣವಾದರೂ ಆಗಬಹುದು, ಹಳ್ಳಿಯಾದರೂ ಆಗಬಹುದು ಎಂಬುದು ಅದರ ತಾತ್ಪರ್ಯ. ಹಿಂದಿನ ಕಾಫಿಗೃಹದ ಹೆಸರನ್ನು ಅವನು ಅದರಲ್ಲಿ ಮರೆಮಾಚಲಿಲ್ಲ. ಸೋಲನ್ನು ಬಚ್ಚಿಡದೆ, ಯಾವ ಕೆಲಸಕ್ಕೂ ಹೇಸದೆ ನಿಂತ ಈ ಧೈರ್ಯವು ಮುಂದೆ ಅವನು ಪಡೆದ ರಾಜಮನ್ನಣೆಗಿಂತಲೂ ದೊಡ್ಡದೆಂದು ನಾವು ಎಣಿಸುತ್ತೇವೆ.

1814ರಲ್ಲಿ ಅವನು ಸಮುದ್ರತೀರದ ಬ್ರೈಟನ್ ಪಟ್ಟಣಕ್ಕೆ ಸಂಸಾರವನ್ನು ಸಾಗಿಸಿದನು. ರಾಜಕುಮಾರನ ಪ್ರೀತಿಯ ವಾಸಸ್ಥಳವಾದುದರಿಂದ ಆ ಊರಿಗೆ ಶ್ರೀಮಂತರು ಆರೋಗ್ಯಕ್ಕಾಗಿ ಬಂದು ತಂಗುತ್ತಿದ್ದರು. ದೀನ್ ಮಹಮ್ಮದನು ಕಾಕ್ರನನ ಮನೆಯಲ್ಲಿ ಮಾಡಿದ್ದ ಹಳೆಯ ವಿದ್ಯೆಯನ್ನು ಮತ್ತೆ ಕೈಗೆತ್ತಿಕೊಂಡನು. ಮೂಲಿಕೆಗಳನ್ನು ಬೆರಸಿದ ಹಬೆಯಲ್ಲಿ ರೋಗಿಯನ್ನು ಕುಳ್ಳಿರಿಸಿ, ಸುತ್ತಲೂ ಉಣ್ಣೆಯ ಬಟ್ಟೆಯ ಗುಡಾರವನ್ನು ಇಳಿಬಿಟ್ಟು, ಗುಡಾರಕ್ಕೆ ಹೊಲಿದ ತೋಳುಗಳೊಳಗಿಂದ ಕೈಯಿಕ್ಕಿ ಮೈಯನ್ನು ತಿಕ್ಕುವುದು ಅವನ ಕ್ರಮ. ಮೈಯನ್ನು ಒತ್ತುವುದಕ್ಕೆ ಹಿಂದಿಯಲ್ಲಿರುವ ‘ಚಾಂಪನಾ’ ಎಂಬ ಧಾತುವಿನಿಂದಲೇ ಇಂಗ್ಲಿಷಿನ ‘ಶಾಂಪೂ’ ಶಬ್ದ ಹುಟ್ಟಿತು. ಇಂದು ನಮ್ಮ ಮಕ್ಕಳು ಬಚ್ಚಲುಮನೆಯಲ್ಲಿ ತಲೆಗೆ ಹಚ್ಚುವ ಶಾಂಪೂವಿನ ಹೆಸರು ಹೀಗೆ ಪೂರ್ವದಿಂದ ಹೋಗಿ, ಅರ್ಥ ಬದಲಿಸಿಕೊಂಡು, ಪಶ್ಚಿಮದಿಂದ ನಮಗೆ ಹಿಂದಿರುಗಿದೆ.

ಈ ಸಲ ಲೆಕ್ಕ ಕೂಡಿತು. ಕಾರಣವೂ ಸ್ಪಷ್ಟವಾಗಿಯೇ ಇದೆ. ಲಂಡನ್ನಿನಲ್ಲಿ ಅವನು ಮಾರಿದುದು ಗಿರಾಕಿಯ ಮನೆಯಲ್ಲಿಯೇ ಇದ್ದ ಪದಾರ್ಥವನ್ನು. ಬ್ರೈಟನ್ನಿನಲ್ಲಿ ಮಾರಿದುದು ಯಾರ ಮನೆಯಲ್ಲಿಯೂ ಇಲ್ಲದ ವಿದ್ಯೆಯನ್ನು. ಅಲ್ಲಿ ದಾಸ್ತಾನು ಬೇಕಾಗಿತ್ತು. ಇಲ್ಲಿ ಎರಡು ಕೈಗಳ ನೈಪುಣ್ಯವೇ ಮುಖ್ಯವಾದ ಬಂಡವಾಳ. ಅಲ್ಲಿ ಉಂಡು ತೃಪ್ತನಾದವನು ಎದ್ದುಹೋಗುತ್ತಿದ್ದನು. ಇಲ್ಲಿ ಗುಣವಾದ ರೋಗಿಗಳು ಬಿಟ್ಟುಹೋದ ಊರುಗೋಲುಗಳು ಗೋಡೆಯ ಮೇಲೆ ಸಾಲಾಗಿ ನಿಂತು ಜಾಹೀರಾತಿನ ಕೆಲಸ ಮಾಡುತ್ತಿದ್ದುವು. 1821ರಲ್ಲಿ ಕಡಲ ದಂಡೆಯ ಮೇಲೆ ‘ಮಹಮ್ಮದನ ಸ್ನಾನಗೃಹ’ವೆಂಬ ಭವ್ಯವಾದ ಕಟ್ಟಡ ಎದ್ದಿತು. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ, ಇಬ್ಬರು ದೊರೆಗಳೂ ಅವನನ್ನು ಆಸ್ಥಾನದ ಅಂಗಮರ್ದಕನನ್ನಾಗಿ ನೇಮಿಸಿಕೊಂಡರು. ಜೇನಮ್ಮನು ಹೆಂಗಸರ ವಿಭಾಗವನ್ನು ನೋಡಿಕೊಳ್ಳುತ್ತಿದ್ದಳು. 1822ರಲ್ಲಿ ಅವನು ತನ್ನ ಚಿಕಿತ್ಸೆಯನ್ನು ಕುರಿತು ಪುಸ್ತಕವೊಂದನ್ನೂ ಪ್ರಕಟಿಸಿದನು.

ಸತ್ಯವನ್ನು ಹೇಳಬೇಕಾದರೆ, ಈ ಪುಸ್ತಕದಲ್ಲಿ ಅವನು ತಾನು 1749ರಲ್ಲಿ ಹುಟ್ಟಿ, ವೈದ್ಯಶಿಕ್ಷಣ ಪಡೆದವನೆಂದು ಹೇಳಿಕೊಂಡಿದ್ದಾನೆ. ಅವನೇ ಹಿಂದೆ ಬರೆದ ಸಂಚಾರ ವೃತ್ತಾಂತಕ್ಕೆ ಇದು ಹೊಂದುವುದಿಲ್ಲ. ಕರಿಯನೆಂದು ಹೀಗಳೆದು, ವೈದ್ಯನಲ್ಲವೆಂದು ತಳ್ಳುವವರ ನಡುವೆ ಅವನು ಹತ್ತು ವರ್ಷಗಳನ್ನು ತನ್ನ ಆಯುಸ್ಸಿಗೆ ಕೂಡಿಸಿಕೊಂಡು ಆ ತೆರಪಿನಲ್ಲಿ ಒಂದು ಪಾಂಡಿತ್ಯವನ್ನು ಕಲ್ಪಿಸಿಕೊಂಡನು. ಇದು ಸರಿಯೆಂದು ನಾವು ಮಕ್ಕಳಿಗೆ ಹೇಳಲಾರೆವು. ಆದರೆ ಅವನ ನೆಲೆಯಲ್ಲಿ ನಿಂತು ನೋಡದೆ ತೀರ್ಪು ಕೊಡುವುದಕ್ಕೂ ನಮಗೆ ಮನಸ್ಸು ಬಾರದು.

ಭಾಗ್ಯಚಕ್ರ ಮತ್ತೆ ತಿರುಗಿತು. ವಿಕ್ಟೋರಿಯಾ ರಾಣಿಗೆ ಬ್ರೈಟನ್ ಹಿಡಿಸಲಿಲ್ಲ. 1841ರಲ್ಲಿ ರೈಲು ಬಂದ ಮೇಲೆ ಊರಿನ ಸ್ವರೂಪವೇ ಬದಲಾಯಿತು. ಸ್ನಾನಗೃಹಕ್ಕೆ ಹಣ ಹೂಡಿದ್ದ ಪಾಲುದಾರನು ತೀರಿಕೊಂಡುದರಿಂದ ಕಟ್ಟಡ ಹರಾಜಿಗೆ ಬಂದು, ಅದನ್ನು ಕೊಳ್ಳುವ ಶಕ್ತಿ ಮುದುಕನಿಗೆ ಇರಲಿಲ್ಲ. ಬಂಡವಾಳದ ಕೊರತೆ ಎರಡನೆಯ ಬಾರಿಯೂ ಅವನನ್ನು ಬಾಧಿಸಿತು. ಆದರೂ ಅವನು ಚಿಕ್ಕ ಮನೆಯೊಂದರಲ್ಲಿ ವೃತ್ತಿಯನ್ನು ಮುಂದುವರಿಸಿದನು. 1850ರ ಕೊನೆಯಲ್ಲಿ ಜೇನಳು ಮರಣಹೊಂದಿದಳು. ಅರುವತ್ತನಾಲ್ಕು ವರ್ಷ ಸುಖದುಃಖಗಳಲ್ಲಿ ಜೊತೆಯಾಗಿದ್ದವಳು ಹೋದ ಎರಡೇ ತಿಂಗಳುಗಳಲ್ಲಿ, 1851ರ ಫೆಬ್ರುವರಿ 24ರಂದು, ದೀನ್ ಮಹಮ್ಮದನೂ ಕಣ್ಣುಮುಚ್ಚಿದನು. ಬ್ರೈಟನ್ನಿನ ಸೇಂಟ್ ನಿಕೊಲಸ್ ದೇವಾಲಯದ ಅಂಗಳದಲ್ಲಿ ಅವನ ಸಮಾಧಿಯಿದೆ. ಅವನ ಮೊಮ್ಮಗನಾದ ಫ್ರೆಡರಿಕ್ ಅಕ್ಬರ್ ಮಹಮ್ಮದ್ ಎಂಬವನು ಲಂಡನ್ನಿನಲ್ಲಿ ನಿಜವಾದ ವೈದ್ಯನೇ ಆಗಿ, ರಕ್ತದ ಒತ್ತಡವನ್ನು ಕುರಿತು ಮಹತ್ತ್ವದ ಸಂಶೋಧನೆಗಳನ್ನು ನಡೆಸಿ, 1884ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಅಜ್ಜನು ಕಲ್ಪಿಸಿಕೊಂಡ ಪದವಿಯನ್ನು ಮೊಮ್ಮಗನು ಓದಿ ಸಂಪಾದಿಸಿದನು.

ದೀನ್ ಮಹಮ್ಮದನು ಸೋತ ನಗರದಲ್ಲಿ ಅವನ ಕಲ್ಪನೆ ಸೋಲಲಿಲ್ಲ. 1926ರಲ್ಲಿ ಲಂಡನ್ನಿನ ರೀಜೆಂಟ್ ಬೀದಿಯಲ್ಲಿ ವೀರಸ್ವಾಮಿ ಎಂಬ ಪ್ರಸಿದ್ಧ ಭಾರತೀಯ ಭೋಜನಶಾಲೆ ಆರಂಭವಾಯಿತು. ಅನಂತರ ಸಿಲ್ಹಟ್ ಪ್ರಾಂತದಿಂದ ಹಡಗಿನ ಕೆಲಸಗಾರರಾಗಿ ಹೋದವರೂ ಅವರ ಬಂಧುಗಳೂ ಬ್ರಿಟನ್ನಿನ ಊರೂರುಗಳಲ್ಲಿ ಇಂಥ ಶಾಲೆಗಳನ್ನು ತೆರೆದರು. ಅವರು ಗೆದ್ದುದಕ್ಕೂ ಕಾರಣವುಂಟು. ಮನೆಯಲ್ಲಿ ಅಡಿಗೆಯವರಿದ್ದ ನವಾಬರನ್ನು ಕಾಯದೆ, ಕೆಲಸ ಮುಗಿಸಿ ಹಸಿದುಬರುವ ಸಾಮಾನ್ಯ ಜನರಿಗೆ ಅವರು ಎಟುಕುವ ಬೆಲೆಯಲ್ಲಿ ಬಡಿಸಿದರು. ಅಣ್ಣತಮ್ಮಂದಿರು ಒಂದಾಗಿ ದುಡಿದು ಸಂಬಳದ ಖರ್ಚನ್ನು ಉಳಿಸಿದರು. ಮುಂಬಯಿಯಲ್ಲಿ ನಮ್ಮವರು ಹಿಡಿದ ಮಾರ್ಗವೂ ಇದೇ ಅಲ್ಲವೆ? ಜಾರ್ಜ್ ಬೀದಿಯಲ್ಲಿ ಹಿಂದೂಸ್ಥಾನೀ ಕಾಫಿಗೃಹವಿದ್ದ ಸ್ಥಳದಲ್ಲಿ 2005ರಲ್ಲಿ ಸ್ಮಾರಕಫಲಕವೊಂದನ್ನು ಇರಿಸಲಾಯಿತು. ದಿವಾಳಿ ತೆಗೆದು ಹೊರಟವನ ಹೆಸರು ಸುಮಾರು ಇನ್ನೂರು ವರ್ಷಗಳ ಮೇಲೆ ಅದೇ ಬೀದಿಗೆ ಗೌರವದಿಂದ ಹಿಂದಿರುಗಿತು.

ನಮ್ಮ ತರಗತಿಗಳಿಂದ ಪ್ರತಿ ವರ್ಷವೂ ಕೆಲವು ಮಂದಿ ಹುಡುಗರು ಓದು ಮುಗಿಸಿ ದೂರದ ಪಟ್ಟಣಗಳಿಗೆ ಹೋಗುತ್ತಾರೆ. ಅವರಲ್ಲಿ ಯಾರಾದರೂ ಹೋಟೆಲು ತೆರೆಯುವ ಆಸೆಯನ್ನು ಹೊತ್ತಿದ್ದರೆ, ರುಚಿಯ ಜೊತೆಗೆ ಲೆಕ್ಕವನ್ನೂ ಕಲಿಯಲಿ. ಉಣ್ಣುವವನು ಯಾರು, ಅವನು ಏಕೆ ಬರುತ್ತಾನೆ ಎಂಬುದನ್ನು ಬಾಡಿಗೆಯ ಮುಂಗಡವನ್ನು ಕೊಡುವ ಮೊದಲೇ ವಿಚಾರಿಸಲಿ. ಇಷ್ಟು ಮಾಡಿಯೂ ಸೋತವರುಂಟು. ಅಂಥವನೊಬ್ಬನು ಊರಿಗೆ ಹಿಂದಿರುಗಿದರೆ, ತಂದೆತಾಯಿಗಳೂ ನೆರೆಹೊರೆಯವರೂ ಅವನನ್ನು ಹಂಗಿಸದೆ ಮೊದಲು ಒಂದು ಎಲೆ ಹಾಕಿ ಬಡಿಸಲಿ. ಐವತ್ತಮೂರನೆಯ ವಯಸ್ಸಿನಲ್ಲಿ ಎಲ್ಲವನ್ನೂ ಕಳೆದುಕೊಂಡು, ಅರುವತ್ತೆರಡನೆಯ ವಯಸ್ಸಿನಲ್ಲಿ ಕಡಲ ದಂಡೆಯ ಮೇಲೆ ತನ್ನ ಹೆಸರಿನ ಕಟ್ಟಡವನ್ನು ಕಂಡ ಪಾಟ್ನಾದ ಈ ಮನುಷ್ಯನ ಕಥೆಯನ್ನು ಅವನಿಗೆ ಹೇಳಲಿ. ನಮ್ಮ ಸಂಘದ ಈ ಸಂಚಿಕೆ ಅಷ್ಟಕ್ಕಾದರೂ ಉಪಯೋಗಕ್ಕೆ ಬಂದರೆ ನಾವು ಕೃತಾರ್ಥರು.